ಪಾನಕ ಒಂದು ಮನೆ, ಪಾಯಸ ಇನ್ನೊಂದು ಮನೆ

ಮುಂಬೈಯ ಕನ್ನಡ ಸಂಘಗಳು ಹಣ ಕೂಡಿಸುವ ದಾರಿಗಳು ಎಲ್ಲರಿಗೂ ಗೊತ್ತಿದ್ದವೇ: ಊರಿಂದ ಮೇಳ ಕರೆಸಿ ಯಕ್ಷಗಾನ ಆಡಿಸುವುದು, ಸ್ಮರಣ ಸಂಚಿಕೆಗೆ ಜಾಹೀರಾತು ಹಿಡಿಯುವುದು, ಇಲ್ಲವೇ ರಸೀದಿ ಪುಸ್ತಕ ಹಿಡಿದು ಹೋಟೆಲ್ ಮಾಲೀಕರ ಗಲ್ಲಾದ ಮುಂದೆ ನಿಲ್ಲುವುದು. ಮೂರನೆಯದಕ್ಕೆ ಈಗೀಗ ನಮಗೇ ನಾಚಿಕೆ. ಕೊಡುವ ಕೈ ನಾಲ್ಕು, ಕೇಳುವ ಸಂಘ ಹತ್ತಾರು. ಮುಲುಂಡ್ ಪೂರ್ವದಲ್ಲಿ ನಮ್ಮ ಗುಂಪು ಎರಡು ಸಲ ಮಾಡಿ ನೋಡಿದ ಬೇರೊಂದು ದಾರಿ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರೋಗ್ರೆಸಿವ್ ಡಿನ್ನರ್ ಅನ್ನುತ್ತಾರೆ. ನಮ್ಮ ಹಿರಿಯರೊಬ್ಬರು ‘ಮನೆಮನೆ ಪಂಕ್ತಿ’ ಎಂದು ಹೆಸರಿಟ್ಟರು, ಅದೇ ನಿಂತಿತು. ಒಂದು ಸಂಜೆಯ ಊಟವನ್ನು ಭಾಗ ಮಾಡಿ ಬೇರೆ ಬೇರೆ ಕಡೆ ಬಡಿಸುವುದು, ಟಿಕೆಟ್ ಕೊಂಡವರು ಒಂದೆಡೆಯಿಂದ ಇನ್ನೊಂದೆಡೆಗೆ ನಡೆದು ಹೋಗಿ ಉಣ್ಣುವುದು. ಹಾಲ್ ಬಾಡಿಗೆ ಇಲ್ಲ, ಕೇಟರರ್ ಬೇಕಿಲ್ಲ.

ಮೊದಲು ಮನೆ, ಆಮೇಲೆ ಅಡುಗೆ

ಮೊದಲ ಸಲ ನಾವು ತಿಂಡಿಗಳ ಪಟ್ಟಿ ಹಿಡಿದು ಕೂತೆವು. ಅದೇ ತಪ್ಪು. ಮೊದಲು ಗೊತ್ತುಮಾಡಬೇಕಾದ್ದು ಮನೆಗಳನ್ನು. ಅದೂ ಯಾರ ಕೈರುಚಿ ಚೆನ್ನ ಎಂದು ನೋಡಿ ಅಲ್ಲ, ಯಾರ ಮನೆಗೆ ಲಿಫ್ಟ್ ಇದೆ ಎಂದು ನೋಡಿ. ಸಂಘದ ಸದಸ್ಯರಲ್ಲಿ ಅರ್ಧದಷ್ಟು ಜನರಿಗೆ ಮಂಡಿನೋವು. ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಗೆ ಹತ್ತಿಸಿದರೆ ಮುಂದಿನ ಮನೆಗೆ ಅವರು ಬರುವುದಿಲ್ಲ.

ಸೋಫಾ ಗೋಡೆಗೆ ಒತ್ತರಿಸಿದರೂ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲಿನಲ್ಲಿ ಹನ್ನೆರಡು ಎಲೆಗಿಂತ ಹೆಚ್ಚು ಹಾಕಲಾಗದು. ಹಾಗಾಗಿ 36 ಜನರನ್ನು ಒಟ್ಟಿಗೇ ಮೆರವಣಿಗೆಯಂತೆ ಎಲ್ಲ ಮನೆಗೂ ಕರೆದೊಯ್ಯುವ ಯೋಚನೆ ಬಿಡಿ. ಶುರು ಮತ್ತು ಕೊನೆ ಎಲ್ಲರೂ ಒಂದೇ ಕಡೆ, ನಡುವಿನ ಊಟಕ್ಕೆ ಮೂರು ಮನೆ, ಮನೆಗೆ ಹನ್ನೆರಡು ಜನ. ನಮ್ಮದು ಸೊಸೈಟಿಯ ಅಂಗಳದಲ್ಲಿ ಶುರುವಾಗಿ ಪಕ್ಕದ ಬಿಲ್ಡಿಂಗಿನ ಟೆರೇಸಿನಲ್ಲಿ ಮುಗಿಯುತ್ತದೆ. ಎರಡಕ್ಕೂ ಸೆಕ್ರೆಟರಿಯವರ ಅನುಮತಿ ಬರಹದಲ್ಲಿ ಬೇಕು. ಪತ್ರ ಮರಾಠಿಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ, ಅವರ ಮನೆಯವರಿಗೂ ಊಟಕ್ಕೆ ಹೇಳಿದರೆ ಇನ್ನೂ ಬೇಗ.

ಇನ್ನೊಂದು ಮಾತು. ಮನೆ ಕೊಡುವವರು ಬೇರೆ, ಅಡುಗೆ ಮಾಡುವವರು ಬೇರೆ ಇರಲಿ. ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ಆ ಮನೆಯ ಹೆಂಗಸು ಬೆಳಗಿನಿಂದ ಒಲೆಯ ಮುಂದೆ ನಿಂತು, ರಾತ್ರಿ ಎಲ್ಲರೂ ಪಾಯಸಕ್ಕೆ ಹೋದಾಗ ಪಾತ್ರೆ ತಿಕ್ಕುತ್ತಿರುತ್ತಾಳೆ. ಮುಂದಿನ ವರ್ಷ ಆ ಮನೆಯ ಬಾಗಿಲು ನಿಮಗೆ ತೆರೆಯುವುದಿಲ್ಲ. ತೆರೆಯಲೂಬಾರದು.

ಕಾಯಬಲ್ಲ ಅಡುಗೆ

ಮುಂಬೈ ಕನ್ನಡಿಗರಲ್ಲಿ ಕರಾವಳಿಯವರು ಹೆಚ್ಚು, ಆದರೆ ವಿಜಯಪುರ, ಕಲಬುರಗಿ, ಮೈಸೂರು ಕಡೆಯವರೂ ಎಲ್ಲ ಸಂಘದಲ್ಲೂ ಸಿಗುತ್ತಾರೆ. ಅದನ್ನೇ ಬಳಸಿಕೊಳ್ಳಿ. ಒಂದು ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಇನ್ನೊಂದರಲ್ಲಿ ಕಡುಬು ಮತ್ತು ಮಂಗಳೂರು ಸೌತೆಯ ಹುಳಿ. ಮೂರನೆಯದರಲ್ಲಿ ಬಿಸಿಬೇಳೆ ಬಾತ್. ಯಾರಿಗೆ ಯಾವ ಮನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ರೊಟ್ಟಿ ಮನೆಯೇ ಬೇಕು ಎಂದು ಹಟ ಹಿಡಿದವರು ನೂರು ರೂಪಾಯಿ ಡಬ್ಬಿಗೆ ಹಾಕಿ ಚೀಟಿ ಬದಲಿಸಿಕೊಳ್ಳಲಿ. ನಮ್ಮಲ್ಲಿ ಇದರಿಂದಲೇ ಬಾಳೆ ಎಲೆಯ ಖರ್ಚು ಹೊರಟಿತು.

ಮೊದಲ ವರ್ಷ ನೀರ್ ದೋಸೆ ಇಟ್ಟೆವು. ಮೂವತ್ತು ಜನ, ತಲಾ ಮೂರು, ಒಟ್ಟು ತೊಂಬತ್ತು ದೋಸೆ. ಒಂದಕ್ಕೆ ಎರಡು ನಿಮಿಷವೆಂದರೂ ಎರಡು ಕಾವಲಿಗೆ ಒಂದೂವರೆ ಗಂಟೆ ಹಿಡಿಯುತ್ತದೆ. ಈ ಲೆಕ್ಕ ಹಾಕಿದ್ದು ಎರಡನೇ ವರ್ಷ! ಆ ರಾತ್ರಿ ಜನ ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದರು, ನಾನು ಅವರ ಮುಖ ನೋಡದೆ ಹಿಟ್ಟು ಹೊಯ್ಯುತ್ತಿದ್ದೆ. ಕಡುಬಾದರೆ ಹಬೆಯಲ್ಲಿ ಒಮ್ಮೆಗೇ ಹತ್ತಿಪ್ಪತ್ತು ಬೇಯುತ್ತವೆ. ಜೋಳದ ರೊಟ್ಟಿಯನ್ನು ಒಣಗಿಸಿ ಗರಿಗರಿ ಕಟಕ್ ಮಾಡಿ ಹಿಂದಿನ ದಿನವೇ ಇಟ್ಟುಕೊಳ್ಳಬಹುದು. ಬಿಸಿಬೇಳೆ ಬಾತ್ ಕಾದಷ್ಟೂ ಗಟ್ಟಿಯಾಗುತ್ತದೆ, ಪಕ್ಕದಲ್ಲಿ ಒಂದು ಪಾತ್ರೆ ಕುದಿನೀರು ಇರಲಿ. ಮಜ್ಜಿಗೆ ಹುಳಿ ಬೇಡ, ಮತ್ತೆ ಕುದಿಸಿದರೆ ಒಡೆಯುತ್ತದೆ. ಶುರುವಿಗೆ ಬೆಲ್ಲದ ಪಾನಕ, ಕೋಸಂಬರಿ, ಗಿರ್ಮಿಟ್. ಗಿರ್ಮಿಟ್ಟಿನ ಮಸಾಲೆ ಮೊದಲೇ ಮಾಡಿಟ್ಟು, ಮಂಡಕ್ಕಿ ಮಾತ್ರ ಜನ ಬಂದ ಮೇಲೆ ಕಲಸಿ.

ಬೇಯಿಸಿದ ಅಡುಗೆ ಬಡಿಸುವ ತನಕ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. ಆರಿದ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ. ಕಾಯಿ ಚಟ್ನಿಯನ್ನು ಬಡಿಸುವ ಮನೆಯಲ್ಲೇ ರುಬ್ಬಿ, ಈ ಊರಿನ ಸೆಕೆಗೆ ಅದು ಬೇಗ ಕೆಡುತ್ತದೆ. ಬಾಳೆ ಎಲೆಗೆ ಸ್ಲೋ ಲೋಕಲ್ ಹಿಡಿದು ಮಾಟುಂಗಾ ಮಾರ್ಕೆಟ್‌ಗೆ ಹೋಗಿಬಂದರಾಯಿತು. ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟದ ಮಾತೇ ಬೇಡ, ಮಹಾರಾಷ್ಟ್ರದಲ್ಲಿ 2018ರಿಂದ ಅವಕ್ಕೆ ನಿಷೇಧವಿದೆ.

ಕೋರಿ ರೊಟ್ಟಿಯ ಆಸೆ ನಮ್ಮಲ್ಲೂ ಹಲವರಿಗಿತ್ತು. ಪೂರ್ತಿ ಸಸ್ಯಾಹಾರ ಮಾಡಿದ್ದೇ ಒಳ್ಳೆಯದಾಯಿತು. ನಮ್ಮ ಪಂಕ್ತಿ ಶನಿವಾರ, ಆ ದಿನ ಹಲವರು ಮೀನು-ಮಾಂಸ ಮುಟ್ಟುವುದಿಲ್ಲ, ಮನೆ ಕೊಡುವವರಿಗೂ ನಿರಾಳ. ಈರುಳ್ಳಿ-ಬೆಳ್ಳುಳ್ಳಿ ಬೇಡದವರು, ಸಕ್ಕರೆ ಕಾಯಿಲೆಯವರು ಯಾರೆಂದು ಟಿಕೆಟ್ ಕೊಡುವಾಗಲೇ ಕೇಳಿ ಬರೆದುಕೊಳ್ಳಿ.

ಗಡಿಯಾರ ಮತ್ತು ಚಪ್ಪಲಿ

ದಿನ ಶನಿವಾರವೇ ಇರಲಿ. ಭಾನುವಾರ ಹಳಿ ದುರಸ್ತಿಗೆಂದು ಲೋಕಲ್ ರೈಲು ಕಡಿತಗೊಳಿಸುವ ಮೆಗಾಬ್ಲಾಕ್ ಇದ್ದರೆ ಠಾಣೆ, ಡೊಂಬಿವಲಿಯಿಂದ ಬರುವವರಿಗೆ ಕಷ್ಟ. ತಿಂಗಳು ಡಿಸೆಂಬರಿನಿಂದ ಫೆಬ್ರವರಿಯೊಳಗೆ.

ಆರೂವರೆಯಿಂದ ಏಳೂಕಾಲು ಪಾನಕ, ಏಳೂವರೆಯಿಂದ ಎಂಟೂಮುಕ್ಕಾಲು ಊಟ, ಒಂಬತ್ತಕ್ಕೆ ಟೆರೇಸಿನಲ್ಲಿ ಪಾಯಸ, ಮೇಲೆ ಎಲೆ ಅಡಿಕೆ. ನಡುವೆ ಕಾಲು ಗಂಟೆ ಬಿಟ್ಟಿದ್ದು ನಡೆಯುವುದಕ್ಕಲ್ಲ, ನಡಿಗೆ ಐದೇ ನಿಮಿಷದ್ದು. ಉಳಿದದ್ದೆಲ್ಲ ಲಿಫ್ಟಿನ ಮುಂದೆ, ವಾಚ್‌ಮನ್ನನ ರಿಜಿಸ್ಟರಿನಲ್ಲಿ, ಚಪ್ಪಲಿ ಹುಡುಕುವುದರಲ್ಲಿ ಹೋಗುತ್ತದೆ. ಹೆಸರುಗಳ ಪಟ್ಟಿಯನ್ನು ಮಧ್ಯಾಹ್ನವೇ ವಾಚ್‌ಮನ್ ಕೈಗೆ ಕೊಟ್ಟು, ಅವರಿಗೂ ಒಂದು ಪಾಲು ತೆಗೆದಿಡಿ. ಚಪ್ಪಲಿಗೆ ಪ್ರತಿಯೊಬ್ಬರಿಗೂ ಒಂದು ಬಟ್ಟೆ ಚೀಲ. ನಗಬೇಡಿ, ಕತ್ತಲ ಕಾರಿಡಾರಿನಲ್ಲಿ ಹನ್ನೆರಡು ಜೊತೆ ಕಪ್ಪು ಚಪ್ಪಲಿ ಬಿಟ್ಟಿದ್ದರೆ ಪಾಯಸದ ಹೊತ್ತಿಗೆ ಇಬ್ಬರು ಬೇರೆಯವರ ಚಪ್ಪಲಿಯಲ್ಲಿರುತ್ತಾರೆ. ಗುಂಪಿಗೊಬ್ಬರು ಕಾಲೇಜು ಹುಡುಗರನ್ನು ಮುಂದಾಳು ಮಾಡಿ. ಹಿರಿಯರು ಹೊರಡಿ ಎಂದರೆ ಯಾರೂ ಏಳುವುದಿಲ್ಲ, ಹುಡುಗರು ಹೇಳಿದರೆ ನಾಚಿಕೊಂಡಾದರೂ ಏಳುತ್ತಾರೆ.

ದುಡ್ಡಿನ ಲೆಕ್ಕ

ಟಿಕೆಟ್ 700 ರೂಪಾಯಿ ಎಂದಿಟ್ಟುಕೊಳ್ಳಿ. 36 ಜನರಿಂದ 25,200. ತಲಾ 180ರಂತೆ ದಿನಸಿಗೆ 6,480, ಎಲೆ, ಚೀಲ, ಬಕ್ಷೀಸು ಇತ್ಯಾದಿಗೆ 1,500. ಉಳಿಯುವುದು 17,220. ಲಕ್ಷಗಟ್ಟಲೆ ಬೇಕಿದ್ದರೆ ಯಕ್ಷಗಾನವೇ ಸರಿ. ಮಕ್ಕಳ ಕನ್ನಡ ತರಗತಿಗೆ ಪುಸ್ತಕ, ವಾಚನಾಲಯಕ್ಕೆ ಕಪಾಟು ಇಂಥದಕ್ಕೆ ಇದು ಸಾಕು. ಹಣ ಯಾವುದಕ್ಕೆಂದು ಟಿಕೆಟ್ಟಿನ ಮೇಲೇ ಅಚ್ಚು ಹಾಕಿಸಿ.

ದಿನಸಿಯ ಹಣವನ್ನು ಅಡುಗೆಯವರಿಗೆ ಮೊದಲೇ ಕೊಡಿ. ‘ಬೇಡ ಬಿಡಿ, ಸಂಘಕ್ಕೆ ತಾನೆ’ ಎನ್ನುವವರು ಇದ್ದೇ ಇರುತ್ತಾರೆ. ಅವರೂ ಮೊದಲು ಹಣ ತೆಗೆದುಕೊಂಡು, ಆಮೇಲೆ ಬೇಕಾದರೆ ದೇಣಿಗೆ ಕೊಡಲಿ, ಆಗ ಲೆಕ್ಕ ನೇರ ಇರುತ್ತದೆ. ಟಿಕೆಟ್ ದುಡ್ಡಿಗೆ ಊಟ ಸಿಕ್ಕಿರುವುದರಿಂದ ಅದಕ್ಕೆ ದೇಣಿಗೆಯ ರಸೀದಿ ಹರಿಯಬಾರದು. ಹೆಚ್ಚಿಗೆ ಕೊಟ್ಟವರಿಗೆ ಪ್ರತ್ಯೇಕ ರಸೀದಿ. 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆ ನಗದಾಗಿ ಬಂದರೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ ಅಥವಾ ಯುಪಿಐ ಕೇಳಿ.

ಕೊನೆಯ ಕೆಲಸ ಪಾತ್ರೆಗಳದ್ದು. ಮೂರು ಮನೆಗೆ ಎಂಟು ಮನೆಯ ಪಾತ್ರೆ ಬಂದಿರುತ್ತದೆ. ಸ್ಟೀಲಿನ ಮೇಲೆ ಹೆಸರು ಕೊರೆದಿದೆಯಲ್ಲ ಎಂದು ನಂಬಬೇಡಿ, ಅದು ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು. ತಳಕ್ಕೊಂದು ಟೇಪು ಅಂಟಿಸಿ ಫ್ಲ್ಯಾಟ್ ನಂಬರ್ ಬರೆಯಿರಿ, ಮುಚ್ಚಳಕ್ಕೂ ಬರೆಯಿರಿ. ‘ಶ್ರೀಮತಿ ಮತ್ತು ಶ್ರೀ’ ಎಂದಷ್ಟೇ ಓದಲು ಬರುವ, ಮುಂದಿನದೆಲ್ಲ ಅಳಿಸಿಹೋದ ಒಂದು ಮುಚ್ಚಳ ಈಗಲೂ ನಮ್ಮ ಅಡುಗೆಮನೆಯಲ್ಲಿ ಕೂತಿದೆ.