ಇಟಿಎಫ್ ಮಾಹಿತಿಗೆ ಚಂದಾ ಕಟ್ಟುವ ಮುನ್ನ

ಇಟಿಎಫ್ (ನಿಫ್ಟಿಯಂಥ ಸೂಚ್ಯಂಕವನ್ನು ಹಿಂಬಾಲಿಸುವ, ಷೇರಿನಂತೆ ಎಕ್ಸ್‌ಚೇಂಜ್‌ನಲ್ಲಿ ಸಿಗುವ ಫಂಡ್) ಕೊಳ್ಳುವವರಿಗೆ ಬೇಕಾದ ಅಂಕಿಗಳಲ್ಲಿ ಬಹುಪಾಲು ಪುಕ್ಕಟೆ ಸಿಗುತ್ತವೆ; ಪ್ರಕಟಿಸಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮವೇ ಇದೆ. ಚಂದಾ ಕಟ್ಟುವ ಸೇವೆ ಅದಕ್ಕಿಂತ ಹೆಚ್ಚೇನು ಕೊಡುತ್ತದೆ ಎಂಬುದಷ್ಟೇ ಪ್ರಶ್ನೆ.

ಮೊದಲು ಫಂಡ್ ಕಂಪನಿಯ ಇಲ್ಲವೇ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ಟ್ರ್ಯಾಕಿಂಗ್ ಡಿಫರೆನ್ಸ್ ನೋಡಿ. ಸೂಚ್ಯಂಕದ ಲಾಭಕ್ಕೂ ಫಂಡಿನ ಲಾಭಕ್ಕೂ ಇರುವ ಅಂತರ ಅದು; 1, 3, 5 ವರ್ಷಗಳ ಲೆಕ್ಕ ಸಿಗುತ್ತದೆ. ಟ್ರ್ಯಾಕಿಂಗ್ ಎರರ್ ಬೇರೆ, ಆ ಅಂತರ ಎಷ್ಟು ಏರಿಳಿಯುತ್ತದೆ ಎಂಬ ಅಳತೆ. ಎರಡನ್ನೂ ಕಲಸಿಹಾಕುವ, ಅಥವಾ ಡಿವಿಡೆಂಡನ್ನೂ ಸೇರಿಸಿ ಲೆಕ್ಕ ಹಾಕಿದ ಸೂಚ್ಯಂಕವಾದ ಟಿಆರ್‌ಐ ಬಿಟ್ಟು ಬರಿಯ ಸೂಚ್ಯಂಕದೊಡನೆ ಹೋಲಿಸುವ ವರದಿಗೆ ದುಡ್ಡು ದಂಡ.

ಹೆಚ್ಚು ಕೈ ಸುಡುವುದು ಕೊಳ್ಳುವ ಬೆಲೆಯಲ್ಲಿ. ಷೇರು ಇಟಿಎಫ್‌ನ ಐಎನ್‌ಎವಿ, ಅಂದರೆ ಆ ಗಳಿಗೆಯ ನಿಜಬೆಲೆ, ಹೆಚ್ಚೆಂದರೆ 15 ಸೆಕೆಂಡ್ ತಡವಾಗಿ ಎಕ್ಸ್‌ಚೇಂಜ್ ತಾಣದಲ್ಲಿ ಬರಬೇಕು. ಐಎನ್‌ಎವಿ 100 ರೂಪಾಯಿ ಇದ್ದು ನೀವು 101.20 ಕೊಟ್ಟರೆ ಪ್ರೀಮಿಯಂ, ಅಂದರೆ ನಿಜಬೆಲೆಯ ಮೇಲೆ ತೆತ್ತ ಹೆಚ್ಚುವರಿ, ಶೇ 1.2. ಫಂಡ್ ಕಂಪನಿ ಮುರಿದುಕೊಳ್ಳುವ ವೆಚ್ಚದಲ್ಲಿ ವರ್ಷಕ್ಕೆ ಶೇ 0.05 ಉಳಿಸುವ ಫಂಡ್ ಆರಿಸಿದ್ದರೂ ಆ ನಷ್ಟ ತುಂಬಲು 24 ವರ್ಷ ಬೇಕು! 2022ರಲ್ಲಿ ಮ್ಯೂಚುವಲ್ ಫಂಡ್‌ಗಳ ವಿದೇಶಿ ಹೂಡಿಕೆಯ 700 ಕೋಟಿ ಡಾಲರ್ ಮಿತಿ ತುಂಬುತ್ತ ಬಂದ ಮೇಲೆ ಹೊಸ ಯೂನಿಟ್ ಸೃಷ್ಟಿಗೆ ತಡೆ ಬಿದ್ದು, ವಿದೇಶಿ ಸೂಚ್ಯಂಕದ ಇಟಿಎಫ್‌ಗಳು ನಿಜಬೆಲೆಗಿಂತ ದುಬಾರಿಯಾಗಿ ಮಾರಾಟವಾದವು. ಪ್ರೀಮಿಯಂ ಎಚ್ಚರಿಕೆ ಕೊಡದ ಸೇವೆ ಇಂಥಲ್ಲಿ ನಿರುಪಯೋಗಿ.

ಫಂಡ್ ಮಾಹಿತಿ ತಾಣಗಳಾದ ವ್ಯಾಲ್ಯೂ ರಿಸರ್ಚ್, ಮಾರ್ನಿಂಗ್‌ಸ್ಟಾರ್‌ಗಳಲ್ಲಿ ವೆಚ್ಚ, ಷೇರುಪಟ್ಟಿ, ಹಳೆಯ ಲಾಭಗಳನ್ನು ಒಟ್ಟಿಗೆ ಹೋಲಿಸುವುದು ಸುಲಭ. ಅಲ್ಲಿನ ನಕ್ಷತ್ರ ರೇಟಿಂಗ್‌ಗಳಿಗೆ ಮಾತ್ರ ಮರುಳಾಗಬೇಡಿ: ಇಟಿಎಫ್ ವಿಷಯದಲ್ಲಿ ಅವು ಹೆಚ್ಚಾಗಿ ಸೂಚ್ಯಂಕದ ಹಿಂದಿನ ಓಟವನ್ನೇ ಹೇಳುತ್ತವೆ.

ಇನ್ನು ಶುಲ್ಕ. 3 ಲಕ್ಷದ ಹೂಡಿಕೆಗೆ ವರ್ಷಕ್ಕೆ 6,000 ಕೊಟ್ಟರೆ ಶೇ 2 ಹೋಯಿತು. ದೊಡ್ಡ ನಿಫ್ಟಿ 50 ಇಟಿಎಫ್‌ಗಳ ವೆಚ್ಚವೇ ಶೇ 0.1ರ ಒಳಗಿದೆ. 30 ಲಕ್ಷವಾದರೆ ಅದೇ ಚಂದಾ ಶೇ 0.2, ಯೋಚಿಸಬಹುದು. ಕೊಳ್ಳಿ, ಮಾರಿ ಎಂದು ಶಿಫಾರಸು ಮಾಡುವವರ ನೋಂದಣಿ ಸಂಖ್ಯೆಯನ್ನು ಸೆಬಿ ತಾಣದಲ್ಲೇ ಹುಡುಕಿ: ರಿಸರ್ಚ್ ಅನಲಿಸ್ಟ್‌ಗೆ ಐಎನ್‌ಎಚ್, ಸಲಹೆಗಾರರಿಗೆ ಐಎನ್‌ಎ ಎಂದು ಶುರುವಾಗುತ್ತದೆ. ಎಆರ್‌ಎನ್ ಇದ್ದರೆ ಅವರು ಫಂಡ್ ವಿತರಕರು, ಕಮಿಷನ್ ಎಲ್ಲಿಂದ ಬರುತ್ತದೆಂದು ಕೇಳಿ. ಖಚಿತ ಲಾಭದ ಮಾತು ಬಂದರೆ ಎದ್ದುಬನ್ನಿ.

ಕೊನೆಗೊಂದು ಪರೀಕ್ಷೆ: ಒಂದೇ ಸೂಚ್ಯಂಕದ ಎರಡು ಇಟಿಎಫ್ ಹೆಸರಿಸಿ, ಯಾವುದು ಕೊಳ್ಳಲಿ ಎಂದು ಕೇಳಿ. ವಹಿವಾಟಿನ ಪ್ರಮಾಣ, ಕೊಳ್ಳುವ-ಮಾರುವ ಬೆಲೆಗಳ ಅಂತರ, ಲಿಮಿಟ್ ಆರ್ಡರ್ (ಇದಕ್ಕಿಂತ ಹೆಚ್ಚಿಗೆ ಕೊಳ್ಳುವುದಿಲ್ಲ ಎಂಬ ಬೆಲೆಮಿತಿ) ಎಷ್ಟಕ್ಕೆ ಹಾಕಬೇಕು ಎಂಬುದು ಉತ್ತರದಲ್ಲಿರಬೇಕು. ಹೋದ ವರ್ಷದ ಲಾಭವನ್ನಷ್ಟೇ ಒಪ್ಪಿಸಿದರೆ ಚಂದಾ ಬೇಡ.