ಪುಣೆಯಲ್ಲಿ ಮೊದಲ ರಾತ್ರಿ ಹೋಟೆಲು, ಆಮೇಲೆ ಗೆಸ್ಟ್ ಹೌಸು

ನಮ್ಮದು ಔಂಧಿನಲ್ಲಿ ಒಂದೇ ಬೆಡ್‌ರೂಮಿನ ಮನೆ. ವಿಜಯಪುರ ಕಡೆಯಿಂದ ನೆಂಟರ ಮಕ್ಕಳು ಪುಣೆ ಯುನಿವರ್ಸಿಟಿಗೆ ಅಡ್ಮಿಷನ್, ಪಿಎಚ್‌ಡಿ ಅಂತ ಬಂದರೆ ರೂಮ್ ಹುಡುಕಿಕೊಡುವುದು ನನ್ನ ಪಾಲಿಗೆ. ಹೋಟೆಲೋ ಗೆಸ್ಟ್ ಹೌಸೋ ಎಂದರೆ ನಾನು ಎರಡೂ ಅನ್ನುತ್ತೇನೆ. ಕೇಳಿ ಭಾವ ನಕ್ಕಿದ್ದರು. “ಲಗೇಜ್ ಹೊತ್ಕೊಂಡು ಎರಡೆರಡು ಕಡೆ ಯಾಕ ತಿರುಗಬೇಕೊ ತಮ್ಮಾ?”

ಮೊದಲು ಪೂರ್ತಿ ಗೆಸ್ಟ್ ಹೌಸ್ ಮಾಡಿ ನೋಡಿದ್ದಾಯಿತು. ರಾತ್ರಿ ಬಸ್ಸು ನಸುಕಿಗೇ ಬಂದು ಬಿಡುತ್ತದೆ. ಗೆಸ್ಟ್ ಹೌಸಿನ ಗೇಟಿಗೆ ಬೀಗ, ವಾಚ್‌ಮನ್ ಫೋನ್ ಎತ್ತಲ್ಲ. ಅಕ್ಕ ಬ್ಯಾಗಿನ ಮೇಲೇ ಏಳು ಗಂಟೆತನಕ ಕೂತಿದ್ದಳು. ಒಳಗೆ ಹೋದರೆ, ಫೋಟೊದಲ್ಲಿದ್ದ ಕಿಟಕಿ ಮೆಟ್ಟಿಲ ಕಡೆ ತೆರೆಯುತ್ತದೆ! ಅಡ್ವಾನ್ಸ್ ವಾಪಸ್ ಬರಲಿಲ್ಲ. ಇನ್ನೊಬ್ಬರು ಶಿವಾಜಿನಗರದಲ್ಲಿ ಪೂರ್ತಿ ಹೋಟೆಲಲ್ಲೇ ಉಳಿದರು. ಬಾಡಿಗೆ ಹೇಗೋ ಸಹಿಸಬಹುದು. ಬಟ್ಟೆ ಒಗೆಸಿದ್ದು, ರೂಮಿಗೆ ತರಿಸಿದ ಊಟ ಸೇರಿ ಬಿಲ್ಲು ಮೂವತ್ತು ಸಾವಿರ ದಾಟಿತು.

ಅದಕ್ಕೇ ಈ ದಾರಿ. ಹೋಟೆಲ್ ರಿಸೆಪ್ಷನ್ ನಸುಕಿನಲ್ಲೂ ಎಚ್ಚರ ಇರುತ್ತದೆ. ಮೊದಲೇ ಮಾತಾಡಿದ್ದರೆ ನಾಲ್ಕೈದು ನೂರು ಜಾಸ್ತಿ ತಗೊಂಡು ಬೇಗ ಚೆಕ್‌ಇನ್ ಕೊಡುತ್ತಾರೆ. ಸ್ನಾನ ಮಾಡಿ ಯುನಿವರ್ಸಿಟಿ ಕೆಲಸ ಮುಗಿಸಿ, ಸಂಜೆ ನಾವೇ ಹೋಗಿ ಗೆಸ್ಟ್ ಹೌಸ್ ನೋಡುವುದು. ನಲ್ಲಿ ತಿರುಗಿಸಿ, ಕಿಟಕಿ ತೆರೆದು, ರಾತ್ರಿ ಎಷ್ಟಕ್ಕೆ ಗೇಟ್ ಹಾಕುತ್ತಾರೆ ಕೇಳಿ, ಆಮೇಲೆ ವಾರದ ಲೆಕ್ಕದಲ್ಲಿ ಚೌಕಾಸಿ. ಯಾವ ದಿನ, ಯಾರ ಹತ್ತಿರ ಚೌಕಾಸಿ ಮಾಡಬೇಕು ಅನ್ನುವುದು ನನ್ನ ಗುಟ್ಟು.

ಹೋದ ಜೂನ್‌ನಲ್ಲಿ ಭಾವನೇ ಮಗಳ ಜೊತೆ ಬಂದರು. ಹೋಟೆಲು ದಿನಕ್ಕೆ 2,800ರ ಹತ್ತಿರ, ಗೆಸ್ಟ್ ಹೌಸು 1,300ಕ್ಕೆ ಇಳಿಯಿತು. ಸಾಮಾನು ಸಾಗಿಸಿದ ರಿಕ್ಷಾಕ್ಕೆ ನೂರು ಚಿಲ್ಲರೆ. ವಾರಕ್ಕೆ ಉಳಿದದ್ದು ಹೆಚ್ಚೂಕಡಿಮೆ 9,000. ಈಗ ಅವರೇ ಊರಲ್ಲಿ ಎಲ್ಲರಿಗೂ ಇದನ್ನೇ ಹೇಳುತ್ತಾರೆ, ತಮ್ಮದೇ ಐಡಿಯಾ ಅನ್ನೋ ಹಾಗೆ.

‘ಯುನಿವರ್ಸಿಟಿ ಹತ್ತಿರ’ ಅನ್ನೋ ಬೋರ್ಡ್ ನೋಡಿ ಸುಮ್ನೆ ಒಪ್ಪಬೇಡಿ. ಗಣೇಶಖಿಂಡ್ ಕ್ಯಾಂಪಸ್ 400 ಎಕರೆಗಿಂತ ದೊಡ್ಡದು. ಗೇಟಿನಿಂದ ವಿಭಾಗಕ್ಕೇ ಕಾಲು ಗಂಟೆ ನಡಿಗೆ. ಭಂಡಾರ್ಕರ್ ಸಂಸ್ಥೆಯಲ್ಲಿ ಹಸ್ತಪ್ರತಿ ನೋಡೋರು ಇತ್ತ ಬರಲೇಬಾರದು, ಅದು ಇರೋದು ಲಾ ಕಾಲೇಜ್ ರಸ್ತೆಯಲ್ಲಿ. ಅವರಿಗೆ ಡೆಕ್ಕನ್ ಜಿಮ್ಖಾನಾ ಕಡೆ ರೂಮ್ ಸರಿ. ಒಮ್ಮೆ ಐಟಿ ಕಂಪನಿಗಳಿರೋ ಹಿಂಜವಡಿಯನ್ನೂ ಪ್ರಯತ್ನಿಸಿದೆ. ಶನಿವಾರ, ಭಾನುವಾರ ಅಲ್ಲಿ ರೂಮು ಅಗ್ಗ. ಸೋಮವಾರ ಬೆಳಿಗ್ಗೆ ಟ್ರಾಫಿಕ್ಕಲ್ಲಿ ಸಿಕ್ಕಿ ಉಳಿದ ದುಡ್ಡೆಲ್ಲ ಕ್ಯಾಬಿಗೆ ಹೋಯಿತು, ಇಂಟರ್‌ವ್ಯೂಗೂ ತಡ.

ಕಾಲೇಜಿನಿಂದ ಖರ್ಚು ವಾಪಸ್ ಪಡೆಯೋರು ಜಿಎಸ್‌ಟಿ ಬಿಲ್ ಕೊಡುತ್ತಾರಾ ಅಂತ ಮೊದಲೇ ಕೇಳಿ. ಸಣ್ಣ ಗೆಸ್ಟ್ ಹೌಸುಗಳಲ್ಲಿ ಬರೀ ಚೀಟಿ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12 ಇದ್ದದ್ದು 5 ಆಗಿದೆ. ಹಾಗಾಗಿ ಬಿಲ್ ಬೇಕಾದವರಿಗೆ ಹೋಟೆಲು ಮೊದಲಿನಷ್ಟು ಭಾರ ಅಲ್ಲ. ಇನ್ನೊಂದು ವಿಷಯ: ಪುಣೆ ವಿಳಾಸದ ಆಧಾರ್ ತೋರಿಸಿದರೆ ಕೆಲವು ಕಡೆ ರೂಮೇ ಕೊಡಲ್ಲ. ಬುಕಿಂಗ್ ಊರಿಂದ ಬರೋರ ಹೆಸರಲ್ಲೇ ಇರಲಿ.

ಗಣೇಶನ ಹಬ್ಬದಲ್ಲಿ ಈ ಲೆಕ್ಕ ನಡೆಯಲ್ಲ. ಎಲ್ಲ ಮುಂಚೆಯೇ ಬುಕ್ ಮಾಡಿ. ಲಕ್ಷ್ಮಿ ರಸ್ತೆ ಕಡೆ ಅಂತೂ ಬೇಡವೇ ಬೇಡ. ವಿಸರ್ಜನೆ ಮೆರವಣಿಗೆ ಇಡೀ ದಿನ ದಾಟಿ ಮಾರನೇ ದಿನಕ್ಕೂ ನಡೆಯುತ್ತದೆ, ವೈವಾ ಇದ್ದವರು ಮಲಗೋದು ಯಾವಾಗ ಅಲ್ವಾ?