ತಪ್ಪು ಎಲ್ಲಾಗಿದೆ ಎಂದು ನಿಮ್ಮ ಪಾರ್ಸರ್ ಹೇಳಲಿ

ನೀವೊಂದು ಚಿಕ್ಕ ಪಾರ್ಸರ್, ಅಂದರೆ ಬರೆದ ಪಠ್ಯವನ್ನು ನಿಯಮದ ಪ್ರಕಾರ ಬಿಡಿಸಿ ಓದುವ ಪ್ರೋಗ್ರಾಂ, ಬರೆದಿದ್ದೀರಿ ಎಂದುಕೊಳ್ಳಿ. ಸೆಟ್ಟಿಂಗ್ಸ್ ಫೈಲ್ ಓದುವುದೋ, ಲೆಕ್ಕದ ಸೂತ್ರ ಓದುವುದೋ, ಏನೋ ಒಂದು. ಸರಿಯಾದ ಫೈಲ್ ಕೊಟ್ಟರೆ ಚೆನ್ನಾಗಿ ಓದುತ್ತದೆ. ಆದರೆ ಬಳಸುವವರು ಕೈಯಲ್ಲಿ ಟೈಪ್ ಮಾಡಿದ ಫೈಲು ಮೊದಲ ಸಲಕ್ಕೇ ಸರಿ ಇರುವುದು ಕಡಿಮೆ. ಈ ಮೂರು ಸಾಲು ನೋಡಿ:

1 | ಊರು = "ಶಿರಸಿ"
2 | ದರ = [40, 55, 60
3 | ರಜೆ = "ಭಾನುವಾರ"

ಎರಡನೇ ಸಾಲಿನ ಕೊನೆಗೆ ] ಹಾಕುವುದು ಮರೆತಿದೆ. ನಮ್ಮ ಕಣ್ಣಿಗೆ ತಕ್ಷಣ ಕಾಣುತ್ತದೆ, ಪಾರ್ಸರ್‌ಗೆ ಕಾಣುವುದಿಲ್ಲ. ಬ್ರಾಕೆಟ್ ಒಳಗೆ ಸಾಲು ಮುರಿಯಬಹುದು ಎಂಬ ನಿಯಮ ಇದ್ದರೆ ಅದು 60 ಓದಿ, ಕೆಳಗಿನ ಸಾಲಿಗೆ ಇಳಿದು, "ರಜೆ" ಕಂಡ ಮೇಲಷ್ಟೇ ನಿಲ್ಲುತ್ತದೆ. ಆಮೇಲೆ "ಸಾಲು 3: ಸಿಂಟ್ಯಾಕ್ಸ್ ಎರರ್" ಎನ್ನುತ್ತದೆ. ಬಳಸುವವರು ಮೂರನೇ ಸಾಲನ್ನು ಹತ್ತು ಸಲ ಓದುತ್ತಾರೆ, ಅಲ್ಲಿ ಏನೂ ತಪ್ಪಿಲ್ಲ. ನಾನೂ ಹೀಗೆ ಒಂದು ಇಡೀ ಸಂಜೆ 400 ಸಾಲಿನ ಫೈಲಿನ ಕೊನೆಯ ಸಾಲನ್ನೇ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ತಪ್ಪು ಇದ್ದದ್ದು 12ನೇ ಸಾಲಿನಲ್ಲಿ. ಪಾರ್ಸರ್ ಎಡವಿದ ಜಾಗ ಬೇರೆ, ಬರೆದವರು ತಪ್ಪಿದ ಜಾಗ ಬೇರೆ. ಈ ದೂರ ಕಡಿಮೆ ಮಾಡುವುದು ಹೇಗೆ ಅಂತ ನೋಡೋಣ.

ಮೊದಲು ಪ್ರತಿ ಟೋಕನ್‌ಗೂ (ಒಂದು ಹೆಸರು, ಒಂದು ಸಂಖ್ಯೆ, ಒಂದು ಚಿಹ್ನೆ, ಹೀಗೆ ಪಠ್ಯದ ಒಂದೊಂದು ತುಂಡು) ವಿಳಾಸ ಕೊಡಿ. ಪಾರ್ಸರ್‌ಗಿಂತ ಮೊದಲು ಕೆಲಸ ಮಾಡುವ ಲೆಕ್ಸರ್ ಎಂಬ ಭಾಗ ಪಠ್ಯವನ್ನು ತುಂಡು ಮಾಡುವಾಗಲೇ ಆ ತುಂಡು ಫೈಲಿನಲ್ಲಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬ ಎರಡು ಸಂಖ್ಯೆ ಜೊತೆಗೆ ಇಟ್ಟುಬಿಡಿ. ಸಾಲು, ಕಾಲಂ ಎಷ್ಟು ಎಂದು ಆಮೇಲೆ ಬೇಕಾದಾಗ ಲೆಕ್ಕ ಹಾಕಬಹುದು. ಇದನ್ನು ಶುರುವಿನಲ್ಲೇ ಮಾಡಿ. ಪೂರ್ತಿ ಬರೆದಾದ ಮೇಲೆ ಸೇರಿಸಲು ಹೋದರೆ ಪ್ರತಿ ಫಂಕ್ಷನ್‌ಗೂ ಕೈ ಹಾಕಬೇಕಾಗುತ್ತದೆ.

ಎರಡನೆಯದು, ತೆರೆದದ್ದನ್ನೆಲ್ಲ ನೆನಪಿಡಿ. ( ಅಥವಾ [ ಅಥವಾ { ಕಂಡಾಗ ಅದರ ವಿಳಾಸವನ್ನು ಒಂದು ಸ್ಟ್ಯಾಕ್‌ಗೆ (ಕೊನೆಗೆ ಇಟ್ಟದ್ದು ಮೊದಲು ಹೊರಬರುವ ಪಟ್ಟಿ) ಹಾಕಿ, ಮುಚ್ಚಿದಾಗ ತೆಗೆಯಿರಿ. ಎಡವಿದಾಗ ಸ್ಟ್ಯಾಕ್‌ನಲ್ಲಿ ಏನಾದರೂ ಉಳಿದಿದ್ದರೆ ಅದೇ ಮೊದಲ ಅನುಮಾನ. ಆಗ ಹೀಗೆ ಹೇಳಬಹುದು:

ಸಾಲು 2: ಇಲ್ಲಿ ತೆರೆದ [ ಮುಚ್ಚಿಲ್ಲ
2 | ದರ = »[«40, 55, 60
ಸಾಲು 3: 60 ಆದ ಮೇಲೆ , ಅಥವಾ ] ಬರಬೇಕಿತ್ತು, "ರಜೆ" ಬಂದಿದೆ

ಎರಡೂ ಜಾಗ ಹೇಳಿದ್ದೇವೆ, ಗಮನಿಸಿ. ರಸ್ಟ್ ಭಾಷೆಯ ಕಂಪೈಲರ್ ಕೂಡ ಮುಚ್ಚದ ಬ್ರಾಕೆಟ್‌ಗೆ ಹೀಗೆ ಒಂದಕ್ಕಿಂತ ಜಾಸ್ತಿ ಜಾಗ ತೋರಿಸುತ್ತದೆ. ಪೈಥಾನ್ ಭಾಷೆಯಲ್ಲಿ ಬಹಳ ಕಾಲ ಮುಚ್ಚದ ಬ್ರಾಕೆಟ್‌ಗೆ ಮುಂದಿನ ಯಾವುದೋ ಸಾಲಿನ ಮೇಲೆ ಬೆರಳು ಹೋಗುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ 3.10ರಿಂದ, ತೆರೆದ ಜಾಗವನ್ನೇ ತೋರಿಸಿ "ಇದನ್ನು ಮುಚ್ಚಲೇ ಇಲ್ಲ" ಎಂಬ ಅರ್ಥದ ಮಾತು ಬರುತ್ತದೆ. ಹೊಸದಾಗಿ ಕಲಿಯುವ ಮಕ್ಕಳಿಗೆ ಇದರಿಂದ ಎಷ್ಟು ಉಪಕಾರ ಆಗಿದೆ ಎಂಬುದು ಕಲಿಸುವವರಿಗೆ ಗೊತ್ತು.

ಉದ್ಧರಣ ಚಿಹ್ನೆಯದು ಇದಕ್ಕಿಂತ ಕಷ್ಟ. "ಶಿರಸಿ ಎಂದು ಬರೆದು ಕೊನೆಯ ಚಿಹ್ನೆ ಮರೆತರೆ ಲೆಕ್ಸರ್ ಮುಂದಿನ ಚಿಹ್ನೆ ಸಿಗುವವರೆಗೂ ಸಾಲು ಸಾಲನ್ನೇ ನುಂಗುತ್ತದೆ. ಅಲ್ಲಿಂದ ಮುಂದೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಸಾದಾ ಸ್ಟ್ರಿಂಗ್ ಒಂದೇ ಸಾಲಿನಲ್ಲಿ ಮುಗಿಯಬೇಕು ಎಂಬ ನಿಯಮ ಇಟ್ಟುಬಿಡಿ. ಸಾಲು ಮುಗಿದರೂ ಚಿಹ್ನೆ ಬರದಿದ್ದರೆ ಅಲ್ಲೇ ನಿಲ್ಲಿಸಿ, ತೆರೆದ ಜಾಗ ತೋರಿಸಿ.

ಇನ್ನು ಮಾತು. ಏನು ಸಿಕ್ಕಿತು, ಏನು ಬರಬೇಕಿತ್ತು, ಆಗ ಪಾರ್ಸರ್ ಏನು ಓದುತ್ತಿತ್ತು, ಈ ಮೂರೂ ಬೇಕು. ಒಳಗಿನ ಹೆಸರು ಹೊರಗೆ ಬರಬಾರದು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ :: ಚಿಹ್ನೆಯ ಟೋಕನ್‌ಗೆ, ಅದನ್ನು ಬೆಳೆಸಿದ ಇಸ್ರೇಲಿನ ಇಬ್ಬರು ಹೀಬ್ರೂ ಭಾಷೆಯಲ್ಲಿ "ಪಾಮಾಯಿಮ್ ನೆಕುಡೋತಾಯಿಮ್" ಎಂದು ಹೆಸರಿಟ್ಟಿದ್ದರು. ಆ ಹೆಸರು ಎರರ್‌ನಲ್ಲಿ ಹಾಗೇ ಬರುತ್ತಿತ್ತು, ಹೀಬ್ರೂ ಬಾರದ ಪ್ರೋಗ್ರಾಮರ್‌ಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 2020ರ ಪಿಎಚ್‌ಪಿ 8ರಿಂದ ಸುಮ್ನೆ :: ಎಂದೇ ಬರುತ್ತದೆ. ನಿಮ್ಮ ಪಾರ್ಸರ್‌ನಲ್ಲೂ ಪ್ರತಿ ಟೋಕನ್‌ಗೆ ಜನ ಓದುವ ಹೆಸರು ಒಂದು ಇರಲಿ. ಬರಬಹುದಾದ 20 ಟೋಕನ್‌ಗಳನ್ನೆಲ್ಲ ಪಟ್ಟಿ ಮಾಡಬೇಡಿ, "ಇಲ್ಲಿ ಒಂದು ಬೆಲೆ ಬೇಕಿತ್ತು" ಅಂದರೆ ಸಾಕು.

ಜಾಗ ತೋರಿಸುವ ವಿಷಯದಲ್ಲಿ ಕನ್ನಡದವರು ಒಂದು ಹೆಜ್ಜೆ ಹೆಚ್ಚು ಯೋಚಿಸಬೇಕು. "ಕನ್ನಡ" ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ, ಏಕೆಂದರೆ ನ್ನ ಒಂದಕ್ಕೇ ನ, ವಿರಾಮ (ಸ್ವರ ತೆಗೆಯುವ ಚಿಹ್ನೆ), ನ ಎಂದು ಮೂರು. ಈ ಸಂಕೇತಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ 15 ಬೈಟ್. ಬೈಟ್ ಎಣಿಸಿ "ಕಾಲಂ 16" ಎಂದರೆ ಯಾರಿಗೆ ತಾನೇ ತಿಳಿಯುತ್ತದೆ? ಜೊತೆಗೆ, ಸಾಲಿನ ಕೆಳಗೆ ^ ಹಾಕುವ ರೂಢಿ ಇದೆಯಲ್ಲ, ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇಲ್ಲದ್ದರಿಂದ ಟರ್ಮಿನಲ್‌ನಲ್ಲಿ ಅದು ಪಕ್ಕಕ್ಕೆ ಸರಿದು ತಪ್ಪು ಪದದ ಕೆಳಗೆ ಕೂರುತ್ತದೆ. ಅದಕ್ಕೇ ಮೇಲಿನ ಉದಾಹರಣೆಯಲ್ಲಿ » « ಅನ್ನು ಸಾಲಿನ ಒಳಗೇ ಹಾಕಿದ್ದು. ಎಡಿಟರ್‌ಗೆ ಜಾಗ ಕಳಿಸುವುದಾದರೆ ಅದು ಯಾವ ಎಣಿಕೆ ಕೇಳುತ್ತದೆ ನೋಡಿಕೊಳ್ಳಿ. ಎಡಿಟರ್ ಮತ್ತು ಇಂಥ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್‌ನಲ್ಲಿ, ಬೇರೆ ಒಪ್ಪಂದ ಆಗದಿದ್ದರೆ, ಯುಟಿಎಫ್-16 ಎಂಬ ಇನ್ನೊಂದು ಕ್ರಮದ ಎಣಿಕೆ.

ಕಣ್ಣಿಗೆ ಕಾಣದ ಸಂಕೇತಗಳೂ ಇವೆ. "ಸಾಫ್ಟ್‌ವೇರ್" ಎಂದು ಟೈಪ್ ಮಾಡಿದಾಗ ಟ್ ಮತ್ತು ವೇ ಒತ್ತಕ್ಷರ ಆಗದಿರಲಿ ಎಂದು ನಡುವೆ ಯು+200ಸಿ ಎಂಬ ಸಂಕೇತ ಕೂರುತ್ತದೆ. ಅದಿರುವ ಮತ್ತು ಅದಿಲ್ಲದ ಪದಗಳು ಕಂಪ್ಯೂಟರ್‌ಗೆ ಬೇರೆ ಬೇರೆ. ಹೆಸರುಗಳಲ್ಲಿ ಅದು ಬೇಡ ಎನ್ನುವ ನಿಯಮ ನಿಮ್ಮದಾದರೆ, ಎರರ್‌ನಲ್ಲಿ ಅದರ ಸಂಖ್ಯೆಯನ್ನು ಬರೆದೇ ತೋರಿಸಿ. ಕಾಣದ್ದನ್ನು ತೋರಿಸಿ "ಇದು ತಪ್ಪು" ಎಂದರೆ ಪ್ರಯೋಜನವಿಲ್ಲ, ಅಲ್ವಾ?

ಪರಿಹಾರ ಸೂಚಿಸುವುದು ಒಳ್ಳೆಯದೇ, ಆದರೆ ಊಹೆಯನ್ನು ಊಹೆ ಎಂದೇ ಹೇಳಿ: "ಅಲ್ಪವಿರಾಮ ಬಿಟ್ಟುಹೋಯಿತೇ?" ಪೈಥಾನ್ ಇದನ್ನು ಮಾಡುವ ರೀತಿ ನನಗೆ ತುಂಬ ಇಷ್ಟ. ಮೊದಲ ಸುತ್ತಿನಲ್ಲಿ ಬರೀ ಸರಿಯಾದ ವ್ಯಾಕರಣ ಇಟ್ಟುಕೊಂಡು ಓದುತ್ತದೆ. ಸೋತರೆ ಮಾತ್ರ, ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳ ನಿಯಮಗಳನ್ನೂ ಸೇರಿಸಿ ಎರಡನೇ ಸಲ ಓದುತ್ತದೆ. ಸರಿ ಇರುವ ಫೈಲಿಗೆ ಆ ಹೆಚ್ಚಿನ ಕೆಲಸದ ಹೊರೆ ಬೀಳುವುದಿಲ್ಲ.

ಒಂದು ತಪ್ಪು ಕಂಡ ಮೇಲೆ ಮುಂದುವರಿಯಬೇಕಾ? ಚಿಕ್ಕ ಫೈಲಿಗಾದರೆ ನಿಂತುಬಿಡಿ, ಒಂದೇ ಒಳ್ಳೆಯ ಎರರ್ ಸಾಕು. ಮುಂದುವರಿಯುವುದಾದರೆ ಸಾಲಿನ ಕೊನೆಯೋ ; ಚಿಹ್ನೆಯೋ ಸಿಗುವವರೆಗೆ ಬಿಟ್ಟು ಅಲ್ಲಿಂದ ಹೊಸದಾಗಿ ಶುರು ಮಾಡಿ. ಪಾರ್ಸರ್ ತಯಾರಿಸಿಕೊಡುವ ಯಾಕ್ (yacc), ಬೈಸನ್ (Bison) ಎಂಬ ಸಾಧನಗಳಿಂದ ಮಾಡಿದ ಪಾರ್ಸರ್‌ಗಳು ಒಂದು ಎರರ್ ಆದ ಮೇಲೆ ಮೂರು ಟೋಕನ್ ಸರಿಯಾಗಿ ಓದುವವರೆಗೆ ಮತ್ತೆ ಬಾಯಿ ಬಿಡುವುದಿಲ್ಲ. ಒಂದು ಬ್ರಾಕೆಟ್ ಮರೆತದ್ದಕ್ಕೆ 40 ಎರರ್ ಸುರಿಯುವುದನ್ನು ಇದು ತಡೆಯುತ್ತದೆ.

ಕೊನೆಗೆ, ತಪ್ಪು ಫೈಲುಗಳದ್ದೇ ಒಂದು ಫೋಲ್ಡರ್ ಮಾಡಿ. ಪ್ರತಿ ಫೈಲಿನ ಜೊತೆ ಬರಬೇಕಾದ ಎರರ್ ಅನ್ನು ಪೂರ್ತಿ ಬರೆದಿಟ್ಟು, ಪಾರ್ಸರ್ ಬದಲಿಸಿದಾಗಲೆಲ್ಲ ಹೋಲಿಸಿ ನೋಡಿ. ಯಾರಾದರೂ "ಏನೂ ಅರ್ಥ ಆಗಲಿಲ್ಲ" ಎಂದು ಬಂದರೆ ಅವರ ಫೈಲನ್ನೂ ಕೇಳಿ ತೆಗೆದುಕೊಂಡು ಇದಕ್ಕೆ ಸೇರಿಸಿ. ಆಮೇಲೆ ಪಾರ್ಸರ್ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಎರರ್ ತೋರಿಸಿ, ನೀವು ಬಾಯಿ ಬಿಡದೆ ನೋಡುತ್ತಿರಿ. ಅವರು ಮೊದಲು ಯಾವ ಸಾಲಿಗೆ ಹೋಗಿ ತಿದ್ದಲು ನೋಡುತ್ತಾರೆ ಎಂದು ಬರೆದುಕೊಳ್ಳಿ.